ಕರೆದ ತಕ್ಷಣ ‘ಓ’ ಅನ್ನೋದನ್ನ ಪೈಲಟ್ ಮಕ್ಕಳಿಗೆ ಮೊದ್ಲು ಕಲಿಸಿ

ಸಂಪಾದಕರಿಗೆ ನಮಸ್ಕಾರ,

ಪೈಲಟ್ ಆಗ್ಬೇಕು ಅನ್ನೋ ಮಕ್ಕಳು ಏನು ಓದಿರ್ಬೇಕು, ಎಷ್ಟು ಖರ್ಚಾಗುತ್ತೆ, ಯಾವ್ಯಾವ ಪರೀಕ್ಷೆ ಕಟ್ಬೇಕು ಅಂತ ನಿಮ್ಮ ಪತ್ರಿಕೇಲಿ ಬಂದಿದ್ದನ್ನ ಎರಡು ಸಲ ಓದ್ದೆ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ, ಇನ್‌ಸ್ಟ್ರುಮೆಂಟ್ ರೇಟಿಂಗಿಗೆ (ಮೀಟರ್ ನೋಡ್ಕೊಂಡೇ ಹಾರ್ಸೋ ಅರ್ಹತೆಗೆ) 40 ಗಂಟೆ, ಅದರಲ್ಲಿ 20 ಗಂಟೆವರೆಗೆ ಸಿಮ್ಯುಲೇಟರಲ್ಲಿ ಮಾಡ್ಬಹುದು, ಇದೆಲ್ಲ ನಮಗೆ ಮನೇಲೇ ಬಾಯಿಪಾಠ ಆಗಿರೋ ಲೆಕ್ಕ, ಯಾಕಂದ್ರೆ ನನ್ನ ಮಗಳು ಈಗ ಅದೇ ಟ್ರೇನಿಂಗಲ್ಲಿ ಇದಾಳೆ. ಆದ್ರೆ ಆ ಬರಹದಲ್ಲಿ ನೆಲದ ಮೇಲಿರೋ ಕಂಟ್ರೋಲರ್ ಜೊತೆ ರೇಡಿಯೋದಲ್ಲಿ ಮಾತಾಡೋದ್ರ ಬಗ್ಗೆ ಒಂದು ಮಾತೂ ಇರ್ಲಿಲ್ಲ. ನಮ್ಮ ಕಡೆ ಮಕ್ಕಳು ಸಿಕ್ಕಿಹಾಕ್ಕೊಳ್ಳೋದೇ ಅಲ್ಲಿ. ಅದಕ್ಕೇ ಈ ಕಾಗದ, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಹಾಕೋಕೆ ಜಾಗ ಮಾಡಿಕೊಡಿ ಅಂತ ಕೇಳ್ಕೊಳ್ತೀನಿ.

ನಾನು ರೈಲ್ವೇಲಿ ಸ್ಟೇಷನ್ ಮಾಸ್ಟರ್ ಆಗಿದ್ದೋನು, ಚಿಕ್ಕಜಾಜೂರು ಹರಿಹರ ನಡುವಿನ ಸಣ್ಣ ದೊಡ್ಡ ಸ್ಟೇಷನ್‌ಗಳಲ್ಲಿ ಹೆಚ್ಚಿನ ಸರ್ವೀಸ್ ಮುಗಿಸಿ ಈಗ ದಾವಣಗೆರೇಲಿ ನೆಲೆ ನಿಂತಿದೀನಿ. ವಿಮಾನ ಓಡ್ಸೋದರ ಬಗ್ಗೆ ರೈಲಿನೋನಿಗೇನು ಗೊತ್ತು ಅಂತ ಯಾರಾದ್ರೂ ಕೇಳ್ಬಹುದು. ವಿಮಾನ ಗೊತ್ತಿಲ್ಲ, ಆದ್ರೆ ಕಣ್ಣಿಗೆ ಕಾಣದ ಗಾಡಿಯನ್ನ ಬರೀ ಮಾತಿನ ಮೇಲೆ ನಡ್ಸೋದು ಅಂದ್ರೆ ಏನು ಅಂತ ಚೆನ್ನಾಗಿ ಗೊತ್ತು, ಜೀವಮಾನ ಪೂರ್ತಿ ಮಾಡಿದ್ದೇ ಅದು.

ಮೊದ್ಲು ಇನ್‌ಸ್ಟ್ರುಮೆಂಟ್ ಟ್ರೇನಿಂಗ್ ಅಂದ್ರೇನು ಅಂತ ಗೊತ್ತಿಲ್ಲದವ್ರಿಗೆ ಒಂದೆರಡು ಮಾತು. ಮೋಡದ ಒಳಗೆ ಹೋದ್ರೆ ಪೈಲಟ್‌ಗೆ ನೆಲ ಕಾಣಲ್ಲ, ಆಕಾಶದ ಅಂಚು ಕಾಣಲ್ಲ, ವಿಮಾನ ವಾಲಿದ್ರೂ ಮೈಗೆ ನೆಟ್ಟಗೇ ಇದೀನಿ ಅನ್ಸುತ್ತೆ, ಕಿವಿ ಒಳಗಿನ ಸಮತೋಲನವೇ ಸುಳ್ಳು ಹೇಳುತ್ತೆ. ಆಗ ಎದುರಿಗಿರೋ ಮೀಟರ್‌ಗಳನ್ನ ಮಾತ್ರ ನಂಬಿ ಹಾರ್ಸೋದು ಕಲೀಬೇಕು. ಅದಕ್ಕೆ ತಲೆಗೆ ಒಂದು ಹುಡ್ ಹಾಕ್ತಾರೆ, ಜಟಕಾ ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ, ಹೊರಗಡೆ ಏನೂ ಕಾಣಲ್ಲ, ಮೀಟರ್ ಬೋರ್ಡ್ ಅಷ್ಟೇ. ಪಕ್ಕದಲ್ಲಿ ಕೂತ ಇನ್‌ಸ್ಟ್ರಕ್ಟರ್ ಹೊರಗೆ ನೋಡ್ತಿರ್ತಾರೆ. ಹುಡ್ ಹಾಕ್ಕೊಂಡ ಮಗೂಗೆ ಎಲ್ಲಿಗೆ ತಿರುಗ್ಬೇಕು, ಎಷ್ಟು ಎತ್ತರಕ್ಕೆ ಇಳೀಬೇಕು ಅಂತ ಹೇಳೋದು ಕೆಳಗೆ ರಾಡಾರ್ ಮುಂದೆ ಕೂತ ಕಂಟ್ರೋಲರ್. ಅವ್ರು ಹೇಳ್ತಾರೆ, ಇವ್ರು ಅದನ್ನೇ ತಿರುಗಿ ಹೇಳ್ಬೇಕು, ಹೇಳಿದ ಹಾಗೆ ಮಾಡ್ಬೇಕು. ತಿರುಗಿ ಹೇಳೋದಕ್ಕೆ ರೀಡ್‌ಬ್ಯಾಕ್ ಅಂತಾರೆ.

ಈಗ ಮಗಳಿಗೆ ಆಗಿದ್ದು ಹೇಳ್ತೀನಿ. ಯಾವ ಸ್ಕೂಲು ಯಾವ ಊರು ಅಂತ ಬೇಡ, ರಾಜ್ಯದ ಹೊರಗೆ ಅಂತ ಇಟ್ಕೊಳ್ಳಿ. ನಾಲ್ಕೋ ಐದನೇದೋ ಇನ್‌ಸ್ಟ್ರುಮೆಂಟ್ ಪಾಠ, ರನ್‌ವೇ 27ಕ್ಕೆ (ಪಶ್ಚಿಮಕ್ಕೆ ಮುಖ ಮಾಡಿ ಇಳಿಯೋ ರನ್‌ವೇ) ಐಎಲ್‌ಎಸ್ ಅಪ್ರೋಚ್ ಪ್ರಾಕ್ಟೀಸ್, ಅಂದ್ರೆ ನೆಲದಿಂದ ಬರೋ ರೇಡಿಯೋ ಕಿರಣ ಹಿಡಿದು, ಮೀಟರ್ ನೋಡ್ಕೊಂಡೇ ರನ್‌ವೇ ಕಡೆ ಇಳಿಯೋದು. ದಕ್ಷಿಣಕ್ಕೆ ಮುಖ ಮಾಡಿ ಹಾರ್ತಿದಾಳೆ, ರನ್‌ವೇಗೆ ನೇರ ಆಗೋ ಲೈನನ್ನ ಅಡ್ಡಡ್ಡ ಮುಟ್ಟೋದಿದೆ, ಮುಟ್ಟೋಕೆ ಸ್ವಲ್ಪ ಮೊದ್ಲು ಕಂಟ್ರೋಲರ್ ಒಂದೇ ಉಸಿರಲ್ಲಿ ಹೇಳಿದ್ರಂತೆ, ಟರ್ನ್ ರೈಟ್ ಹೆಡಿಂಗ್ ಟೂ ಫೋರ್ ಜೀರೋ, ಡಿಸೆಂಡ್ ಟು ತ್ರೀ ತೌಸಂಡ್ ಫೀಟ್, ಕ್ಲಿಯರ್ಡ್ ಐಎಲ್‌ಎಸ್ ಅಪ್ರೋಚ್ ರನ್‌ವೇ ಟೂ ಸೆವೆನ್. ಅಂದ್ರೆ ಬಲಕ್ಕೆ ತಿರುಗಿ 240 ಡಿಗ್ರಿ ದಿಕ್ಕಿಗೆ ಮುಖ ಮಾಡು (ಈ ದಿಕ್ಕಿಗೇ ಹೆಡಿಂಗ್ ಅನ್ನೋದು), 3,000 ಅಡಿಗೆ ಇಳಿ, ರನ್‌ವೇ 27ಕ್ಕೆ ಐಎಲ್‌ಎಸ್ ಹಿಡಿದು ಬರೋಕೆ ಅನುಮತಿ ಇದೆ ಅಂತ. ಇವಳಿಗೆ ಮೊದಲನೇ ನಂಬರ್ ಸರಿಯಾಗಿ ಕೇಳಿಸ್ಲಿಲ್ಲ. ಟೂ ಫೋರ್ ಜೀರೋನೋ ಟೂ ಒನ್ ಜೀರೋನೋ. ಮನಸ್ಸಲ್ಲೇ ಸರಿ ಮಾಡ್ಕೊಳ್ಳೋಕೆ ನೋಡಿದ್ಲು. ಇಂಗ್ಲಿಷ್ ತಪ್ಪಾಗ್ಬಾರ್ದು, ಆ ಫ್ರೀಕ್ವೆನ್ಸೀಲಿ ಇರೋ ದೊಡ್ಡ ಏರ್‌ಲೈನ್ ಪೈಲಟ್‌ಗಳೆಲ್ಲ ಕೇಳ್ತಿರ್ತಾರೆ, ಅಂತ ವಾಕ್ಯ ಜೋಡಿಸ್ಕೊಳ್ತಾ ಕೂತ್ಲು. ಅಷ್ಟರಲ್ಲಿ ಬೇರೆ ವಿಮಾನದೋರು ಮಾತಾಡೋಕೆ ಶುರು ಮಾಡಿದ್ರು. ಅದು ಮುಗಿದ ಮೇಲೆ ಕಂಟ್ರೋಲರ್ ಮತ್ತೆ ಕೂಗಿದ್ರು. ಒಟ್ಟು 20 ಸೆಕೆಂಡ್ ಆಗಿರ್ಬಹುದು ಅಂದ್ಲು.

20 ಸೆಕೆಂಡ್ ಅಂದ್ರೆ ಎಷ್ಟು ಅಂತ ನಾನು ಕಾಗದದ ಮೇಲೆ ಲೆಕ್ಕ ಹಾಕ್ದೆ. ಅವಳ ಸಣ್ಣ ಸೆಸ್ನಾ ಆಗ 90 ನಾಟ್ ಸ್ಪೀಡಲ್ಲಿತ್ತು, ಗಂಟೆಗೆ ಸುಮಾರು 167 ಕಿಲೋಮೀಟರ್, ಸೆಕೆಂಡಿಗೆ 46 ಮೀಟರ್. 20 ಸೆಕೆಂಡಿಗೆ 900 ಮೀಟರ್ ಮೇಲಾಯ್ತು, ನಮ್ಮ 24 ಬೋಗಿ ಎಕ್ಸ್‌ಪ್ರೆಸ್ ಗಾಡಿ ಒಂದೂವರೆ ಗಾಡಿ ಉದ್ದ. ಆ ಹೊತ್ತಿಗೆ ಲೈನ್ ದಾಟಿ ಆಚೆ ಹೋಗಿಬಿಟ್ಟಿದ್ಲು, ಮೀಟರಿನ ಸೂಜಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ನಿಂತಿತ್ತು. ಇನ್‌ಸ್ಟ್ರಕ್ಟರ್ ಕಂಟ್ರೋಲ್ ತಗೊಂಡು, ಮೈಕ್ ತಾವೇ ತಗೊಂಡು, ಎಲ್ಲಾ ಸರಿ ಮಾಡಿದ್ರು. ಯಾರಿಗೂ ಏನೂ ಆಗ್ಲಿಲ್ಲ. ಹಿಂದಿನಿಂದ ಬರ್ತಿದ್ದ ವಿಮಾನ ಒಂದಕ್ಕೆ ಬೇರೆ ದಾರಿ ಕೊಡ್ಬೇಕಾಯ್ತು ಅಷ್ಟೇ.

ಅವತ್ತು ರಾತ್ರಿ ಫೋನಲ್ಲಿ ಅತ್ಲು. “ಅಪ್ಪಾಜಿ, ನನಗೆ ತಿರುಗ್ಸೋಕೆ ಬರ್ತಿತ್ತು, ಇಳ್ಸೋಕೆ ಬರ್ತಿತ್ತು, ಬಾಯಿ ಮಾತ್ರ ಬರ್ಲಿಲ್ಲ” ಅಂದ್ಲು. ‘ಇನ್ನೊಂದ್ಸಲ ಹೇಳಿ’ ಅಂತ ಯಾಕೆ ಕೇಳ್ಲಿಲ್ಲವ್ವ ಅಂದ್ರೆ, “ಕೇಳಿದ್ರೆ ಏನಂದ್ಕೋತಾರೋ ಅಂತ” ಅಂದ್ಲು.

ಈ ಮಾತು ಕೇಳಿ ನನಗೆ ನಿದ್ದೆ ಬರ್ಲಿಲ್ಲ. ಯಾಕಂದ್ರೆ ಇದೇ ಮಾತನ್ನ ಇಪ್ಪತ್ತು ವರ್ಷದ ಹಿಂದೆ ಒಬ್ಬ ಗೇಟ್‌ಮ್ಯಾನ್ ಹುಡುಗನ ಬಾಯಲ್ಲಿ ಕೇಳಿದ್ದೆ.

ನಮ್ಮಲ್ಲಿ ಲೆವೆಲ್ ಕ್ರಾಸಿಂಗ್ ಗೇಟಿಗೆ ಫೋನ್ ಮಾಡಿ ಇಂಥ ನಂಬರ್ ಗಾಡಿ ಬರ್ತಾ ಇದೆ ಗೇಟ್ ಹಾಕು ಅಂತ ಹೇಳ್ತೀವಿ. ಆತ ಗೇಟ್ ಹಾಕಿ ಬೀಗ ಹಾಕಿ ಒಂದು ಪ್ರೈವೇಟ್ ನಂಬರ್ ಕೊಡ್ಬೇಕು, ಅವನ ಹತ್ರ ಇರೋ ಹಾಳೇಲಿ ಸಾಲಾಗಿ ಎರಡಂಕಿ ನಂಬರ್ ಇರ್ತವೆ, ಒಂದೊಂದೂ ಒಂದೇ ಸಲಕ್ಕೆ, ಕೊಟ್ಟ ಮೇಲೆ ಅದನ್ನ ಗೆರೆ ಎಳೆದು ಹೊಡೆದು ಹಾಕಿ ಪಕ್ಕದಲ್ಲಿ ಗಾಡಿ ನಂಬರ್ ಬರ್ಕೋಬೇಕು. ಆ ನಂಬರ್ ನಾನು ರಿಜಿಸ್ಟರಲ್ಲಿ ಬರೆದ್ಮೇಲೇ ಸಿಗ್ನಲ್ ಕೊಡೋದು. ‘ಆಯ್ತು’ ‘ಹೂಂ’ ‘ಸರಿ ಮಾಸ್ತರ್ರೇ’ ಇದ್ಯಾವುದಕ್ಕೂ ಅಲ್ಲಿ ಬೆಲೆ ಇಲ್ಲ. ನಂಬರ್ ಬಂದ್ರೆ ಗೇಟ್ ಬಿತ್ತು, ಬರ್ಲಿಲ್ಲ ಅಂದ್ರೆ ಗೇಟ್ ತೆರೆದಿದೆ ಅಂತಲೇ ತಿಳ್ಕೋಬೇಕು.

ಆಷಾಢದ ಮಳೆ ರಾತ್ರಿ, ಹೊಸದಾಗಿ ಬಂದ ಹುಡುಗ ಗೇಟಲ್ಲಿದ್ದ. ಫೋನ್ ಮಾಡಿ ಗಾಡಿ ನಂಬರ್ ಹೇಳಿದೆ. “ಆಯ್ತು ಮಾಸ್ತರ್ರೇ” ಅಂದ. ನಂಬರ್ ಕೊಡಪ್ಪ ಅಂದೆ. ಮಾತಿಲ್ಲ. ಫೋನ್ ಕಟ್ಟಾಗಿಲ್ಲ, ಮಳೆ ಸದ್ದು ಕೇಳ್ತಿದೆ, ಅವನ ಉಸಿರು ಕೇಳ್ತಿದೆ, ಮಾತು ಮಾತ್ರ ಇಲ್ಲ. ಯಾವ ಗಾಡಿ ಹೇಳಿದೆ ನಾನು, ತಿರುಗಿ ಹೇಳು ಅಂದೆ. ಅದೂ ಇಲ್ಲ. ಅಷ್ಟರಲ್ಲಿ ಗಾಡಿ ಬಂದು ಸಿಗ್ನಲ್ ಹತ್ರ ನಿಂತು ಸೀಟಿ ಹೊಡೀತಿತ್ತು, ನಾನು ಕೊಡ್ಲಿಲ್ಲ. ನಾಲ್ಕು ನಿಮಿಷ ಆದ್ಮೇಲೆ ಮೆಲ್ಲಗೆ, “ಅಪ್ ಗಾಡಿನೋ ಡೌನ್ ಗಾಡಿನೋ ತಿಳೀಲಿಲ್ಲ ಮಾಸ್ತರ್ರೇ, ಮತ್ತೆ ಕೇಳಿದ್ರೆ ಬೈತೀರಿ ಅಂತ” ಅಂದ. ಗೇಟ್ ಹಾಕಿರ್ಲಿಲ್ಲ. ಹೊರಗಡೆ ಭತ್ತದ ಮೂಟೆ ಹೇರಿದ್ದ ಟ್ರ್ಯಾಕ್ಟರ್ ಹಳಿ ದಾಟ್ತಾ ಇತ್ತಂತೆ.

ಆ ಹುಡುಗ ಸೋಮಾರಿ ಅಲ್ಲ, ದಡ್ಡನೂ ಅಲ್ಲ. ತಿರುಗಿ ಕೇಳಿದ್ರೆ ಬೈಸ್ಕೋತೀವಿ ಅಂತ ಅವನಿಗೆ ಸಣ್ಣವನಿದ್ದಾಗಿನಿಂದ ಕಲಿಸಿದ್ವಿ ನಾವು, ಕ್ಲಾಸಲ್ಲಿ ಎದ್ದು ನಿಂತು ಗೊತ್ತಾಗ್ಲಿಲ್ಲ ಸಾರ್ ಅಂದ್ರೆ ನಗೋದು, ಕೈ ಮೇಲೆ ಸ್ಕೇಲ್ ಏಟು, ಉತ್ತರ ಪೂರ್ತಿ ಸರಿ ಇದ್ರೆ ಮಾತ್ರ ಬಾಯಿ ಬಿಡು ಇಲ್ಲಾಂದ್ರೆ ತಲೆ ತಗ್ಗಿಸ್ಕೊಂಡು ನಿಲ್ಲು. ದೊಡ್ಡೋರ ಮುಂದೆ ಸುಮ್ಮನೆ ನಿಲ್ಲೋದಕ್ಕೆ ನಮ್ಮಲ್ಲಿ ಮರ್ಯಾದೆ ಅಂತ ಹೆಸರು. ಅದೇ ಮಕ್ಕಳು ಹೊಲ ಅಡ ಇಟ್ಟು, ಬ್ಯಾಂಕ್ ಸಾಲ ಮಾಡಿ, ಗಂಟೆಗೆ ಹತ್ತು ಸಾವಿರಕ್ಕೂ ಮೇಲೆ ಕೊಟ್ಟು ವಿಮಾನ ಹತ್ತಿದ್ಮೇಲೆ ಕಂಟ್ರೋಲರ್ ಕರೆದಾಗ್ಲೂ ಹಾಗೇ ಸುಮ್ಮನಾಗ್ತಾರೆ. ಅಲ್ಲಿ ಸುಮ್ಮನಿದ್ರೆ ಕೆಳಗಿದ್ದೋರಿಗೆ ಏನರ್ಥ ಆಗ್ಬೇಕು? ರೇಡಿಯೋ ಕೆಟ್ಟಿದ್ಯಾ, ಬೇರೆ ಫ್ರೀಕ್ವೆನ್ಸಿಗೆ ಹೋದ್ರಾ, ಕೇಳಿಸ್ಕೊಂಡು ತಿರುಗ್ತಿದಾರಾ, ತಿರುಗ್ತಾ ಇಲ್ವಾ? ಒಂದೇ ಫ್ರೀಕ್ವೆನ್ಸೀಲಿ ಹತ್ತು ಹನ್ನೆರಡು ವಿಮಾನ ಇದ್ರೂ ಒಂದು ಸಲಕ್ಕೆ ಒಬ್ರೇ ಮಾತಾಡೋಕಾಗೋದು, ಇಬ್ರು ಒಟ್ಟಿಗೆ ಬಟನ್ ಒತ್ತಿದ್ರೆ ಬರೀ ಕೀಂಯ್ ಅನ್ನೋ ಸದ್ದು. ಒಬ್ರು ತಡ ಮಾಡಿದ್ರೆ ಉಳಿದೋರ ಟೈಮೂ ಹೋಗುತ್ತೆ.

ನಮ್ಮ ಹಳ್ಳಿಗಳಲ್ಲಿ ಒಂದು ಒಳ್ಳೇ ಪದ್ಧತಿ ಇತ್ತು. ಅವ್ವ ಅಡುಗೆ ಮನೆಯಿಂದ ಕೂಗಿದ್ರೆ ಹಿತ್ತಲಲ್ಲಿ ಆಡ್ತಿದ್ದ ಮಗು ‘ಓ’ ಅನ್ಬೇಕು. ಬರೋದು ಆಮೇಲೆ, ಕೈಯಲ್ಲಿದ್ದ ಕೆಲಸ ಮುಗಿಸೋದು ಆಮೇಲೆ, ಮೊದ್ಲು ‘ಓ’. ಅದು ಬಂದ್ರೆ ಅವ್ವನಿಗೆ ಮಗು ಎಲ್ಲಿದೆ, ಬಾವಿ ಹತ್ರ ಇದೆಯೋ ಬೀದೀಲಿದೆಯೋ, ಚೆನ್ನಾಗಿದೆಯಾ ಅಂತ ಗೊತ್ತಾಗ್ತಿತ್ತು. ವಿಮಾನದಲ್ಲಿ ಇರೋದೂ ಅದೇ, ‘ಓ’ ಅನ್ನೋಕೆ ಅಲ್ಲಿ ನಾಲ್ಕೈದು ಪದ ಇದಾವೆ. ಕೇಳಿದ್ದು ಪೂರ್ತಿ ಗೊತ್ತಾಗಿದ್ರೆ ನಂಬರ್ ಸಮೇತ ರೀಡ್‌ಬ್ಯಾಕ್ ಕೊಡಿ. ಗೊತ್ತಾಗ್ಲಿಲ್ವಾ, ಸೇ ಅಗೇನ್. ಒಂದು ತುಂಡು ಮಾತ್ರ ಗೊತ್ತಾಗ್ಲಿಲ್ವಾ, ಸೇ ಅಗೇನ್ ಹೆಡಿಂಗ್. ಕೈ ತುಂಬಾ ಕೆಲಸ, ವಿಮಾನ ಅಲುಗಾಡ್ತಿದೆ, ಸ್ಟ್ಯಾಂಡ್‌ಬೈ. ಹೇಳಿದ್ದು ಮಾಡೋಕೆ ಆಗಲ್ಲ, ಅನೇಬಲ್. ಇಷ್ಟೂ ಪದಗಳು ಪುಸ್ತಕದಲ್ಲೇ ಇರೋವು, ಹೇಳಿದ್ರೆ ಯಾರೂ ಬೈಯೋ ಹಾಗಿಲ್ಲ. ಅನೇಬಲ್ ಅನ್ನೋ ಹಕ್ಕು ಟ್ರೇನಿಂಗಲ್ಲಿರೋ ಹದಿನೆಂಟು ವರ್ಷದ ಹುಡುಗಿಗೂ ಇದೆ ಅಂತ ನನ್ನ ಮಗಳಿಗೆ ಗೊತ್ತೇ ಇರ್ಲಿಲ್ಲ, ಪರೀಕ್ಷೆಗೆ ಓದಿದ್ಲು, ಆದ್ರೆ ತಾನೂ ಅನ್ಬಹುದು ಅಂತ ಅನ್ಸಿರ್ಲಿಲ್ಲ.

ಇಲ್ಲಿ ಇನ್‌ಸ್ಟ್ರಕ್ಟರ್‌ಗಳು ಒಂದು ಮಾತು ಹೇಳ್ತಾರೆ, ಮೊದ್ಲು ವಿಮಾನ ಹಾರ್ಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು. ನೂರಕ್ಕೆ ನೂರು ಸರಿ. ರೆಕ್ಕೆ ವಾಲ್ತಾ ಇರ್ಬೇಕಾದ್ರೆ ಮೈಕ್ ಹಿಡ್ಕೊಂಡು ಕೂರೋಕಾಗಲ್ಲ. ಆದ್ರೆ ಮಕ್ಕಳು ಈ ಮಾತನ್ನ ಸುಮ್ಮನಿರೋಕೆ ಕಾರಣ ಮಾಡ್ಕೋಬಾರ್ದು. ಸ್ಟ್ಯಾಂಡ್‌ಬೈ ಅನ್ನೋಕೆ ಒಂದು ಸೆಕೆಂಡ್ ಸಾಕು. ತಿರುಗೋಕೆ ಹೇಳಿದ್ರೆ ಕೈ ತಿರುಗ್ಸೋಕೆ ಶುರು ಮಾಡ್ಲಿ, ಬಾಯಿ ಅದೇ ನಂಬರ್ ಹೇಳ್ಲಿ, ಎರಡೂ ಒಟ್ಟಿಗೆ ಬರೋ ತನಕ ಪ್ರಾಕ್ಟೀಸ್ ಬೇಕು.

ಬೇಗ ಉತ್ತರ ಕೊಡು ಅಂದ್ರೆ ಎಲ್ಲದಕ್ಕೂ ರೋಜರ್ ರೋಜರ್ ಅಂತ ತಲೆ ಆಡ್ಸು ಅಂತಲ್ಲ. ರೋಜರ್ ಅಂದ್ರೆ ನೀವು ಹೇಳಿದ್ದು ನನಗೆ ತಲುಪ್ತು ಅಂತ ಮಾತ್ರ. ಹೆಡಿಂಗ್, ಎತ್ತರ, ಸ್ಪೀಡ್, ರನ್‌ವೇ ನಂಬರ್, ರನ್‌ವೇ ಮೇಲೆ ಬರೋಕೆ ದಾಟೋಕೆ ಕೊಟ್ಟ ಅನುಮತಿ, ರಾಡಾರಿಗೆ ವಿಮಾನದ ಗುರುತು ಹೇಳೋ ಟ್ರಾನ್ಸ್‌ಪಾಂಡರ್ ಕೋಡ್, ಎತ್ತರ ತೋರ್ಸೋ ಆಲ್ಟಿಮೀಟರಿಗೆ ಹಾಕೋ ಗಾಳಿ ಒತ್ತಡದ ನಂಬರ್, ಇವನ್ನ ರೋಜರ್ ಅಂತ ಮುಗಿಸೋ ಹಾಗಿಲ್ಲ, ನಂಬರ್ ನಂಬರಾಗೇ ತಿರುಗಿ ಹೇಳ್ಬೇಕು. ಯಾಕೆ ಅಂತ ಒಂದು ಉದಾಹರಣೆ ಕೊಡ್ತೀನಿ, ಮಗಳೇ ಕೂರಿಸ್ಕೊಂಡು ಹೇಳಿದ್ದು. ಆ ಒತ್ತಡದ ನಂಬರ್ 1003 ಅಂತ ಕಂಟ್ರೋಲರ್ ಹೇಳಿದ್ರು, ನೀನು 1013 ಅಂತ ಕೇಳಿಸ್ಕೊಂಡು ಅದನ್ನೇ ಹಾಕ್ದೆ ಅಂತ ಇಟ್ಕೋ. ಆ ನಂಬರ್ ಒಂದು ಹೆಚ್ಚು ಕಮ್ಮಿ ಆದ್ರೆ ಸುಮಾರು 30 ಅಡಿ ವ್ಯತ್ಯಾಸ, ಹತ್ತಕ್ಕೆ 300 ಅಡಿ ಹತ್ರ. ಮೀಟರ್ ತೋರ್ಸೋದಕ್ಕಿಂತ ನಿಜವಾಗಿ ನೀನು ಅಷ್ಟು ಕೆಳಗಿರ್ತೀಯ. ಐಎಲ್‌ಎಸ್ ಅಪ್ರೋಚಲ್ಲಿ ರನ್‌ವೇ ಕಾಣ್ದೇ ಇದ್ರೆ ಮೇಲಕ್ಕೆ ಎದ್ದು ಹೋಗ್ಬೇಕು ಅಂತ ತೀರ್ಮಾನ ಮಾಡೋ ಎತ್ತರ ಸಾಮಾನ್ಯವಾಗಿ ನೆಲದಿಂದ 200 ಅಡಿ. 300 ಅಡಿ ತಪ್ಪು ಲೆಕ್ಕದಲ್ಲಿ 200 ಅಡಿಗೆ ಇಳಿಯೋಕೆ ಹೋದ್ರೆ ಏನಾಗುತ್ತೆ ಅಂತ ಅವಳು ಹೇಳ್ಲಿಲ್ಲ, ಹೇಳೋದೂ ಬೇಕಿರ್ಲಿಲ್ಲ. ಒಂದೇ ಒಂದು ಅಂಕಿ. ತಿರುಗಿ ಹೇಳಿದ್ರೆ ಕಂಟ್ರೋಲರ್ ಅಲ್ಲೇ ಹಿಡೀತಾರೆ, ಬರೀ ರೋಜರ್ ಅಂದ್ರೆ ಹಿಡಿಯೋರು ಯಾರೂ ಇಲ್ಲ.

ಮಾತು ಸರಿಯಾಗಿ ಮುಟ್ಟದೇ ಏನೇನಾಗಿದೆ ಅಂತ ನಮ್ಮ ದೇಶಕ್ಕೇ ಗೊತ್ತು. 1996ರ ನವೆಂಬರ್ 12ಕ್ಕೆ ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿ ವಿಮಾನ, ಕಜಾಕಿಸ್ತಾನದ ವಿಮಾನ ಗಾಳೀಲೇ ಡಿಕ್ಕಿ ಹೊಡೆದು 349 ಜನ ಸತ್ತರು. ಸೌದಿಯದಕ್ಕೆ 14,000 ಅಡಿ ಕೊಟ್ಟಿದ್ರು, ಕಜಾಕ್‌ದಕ್ಕೆ 15,000. ಕಜಾಕ್ ವಿಮಾನದಲ್ಲಿ ಕಂಟ್ರೋಲರ್ ಜೊತೆ ಮಾತಾಡೋಕೆ ಬೇರೇನೇ ಒಬ್ಬ ರೇಡಿಯೋ ಆಪರೇಟರ್, ಹಾರ್ಸೋರು ಬೇರೆ. ಮಾತು ಒಂದು ಕಡೆ ಉಳೀತು, ವಿಮಾನ 15,000ಕ್ಕಿಂತ ಕೆಳಗಿಳೀತು. 1977ರ ಮಾರ್ಚ್ 27ಕ್ಕೆ ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದ ರನ್‌ವೇ ಮೇಲೆ ಎರಡು ಜಂಬೋ ಜೆಟ್ ಡಿಕ್ಕಿಯಾಗಿ 583 ಜನ ಹೋದ್ರು, ಅಲ್ಲೂ ಕಂಟ್ರೋಲರ್ ‘ತಡಿ, ನಾನು ಕರೀತೀನಿ’ ಅಂದಿದ್ದು ಇನ್ನೊಂದು ವಿಮಾನದೋರ ಮಾತಿನ ಜೊತೆ ಸೇರಿ ಸೀಟಿ ಸದ್ದಾಗಿ ಹೋಗಿಬಿಟ್ಟಿತ್ತು. ಟೇಕಾಫ್ ಅನ್ನೋ ಪದವನ್ನ ಟೇಕಾಫ್ ಅನುಮತಿ ಕೊಡೋವಾಗ, ಇಲ್ಲಾ ಅದನ್ನ ವಾಪಸ್ ತಗೊಳ್ಳೋವಾಗ ಮಾತ್ರ ಬಳಸ್ಬೇಕು ಅನ್ನೋ ಪದ್ಧತಿ ಬಂದಿದ್ದು ಅದಾದ್ಮೇಲೆ.

ಆದ್ರೆ ನನ್ನ ಮನಸ್ಸಿಗೆ ಜಾಸ್ತಿ ನಾಟಿದ್ದು 1990ರ ಜನವರಿ 25ರದ್ದು. ಕೊಲಂಬಿಯಾದ ಏವಿಯಾಂಕಾ ಕಂಪನಿಯ ಬೋಯಿಂಗ್ 707, ನ್ಯೂಯಾರ್ಕ್‌ಗೆ ಬರ್ತಾ ಇತ್ತು, ಹವಾಮಾನ ಕೆಟ್ಟು ಮೂರು ಕಡೆ ಸೇರಿ ಒಂದು ಗಂಟೆ 17 ನಿಮಿಷ ಆಕಾಶದಲ್ಲೇ ಸುತ್ತು ಹೊಡೆಸಿದ್ರು. ಇಂಧನ ತಳ ಮುಟ್ಟಿತ್ತು. ಆ ಪೈಲಟ್‌ಗಳ ಮನೆ ಮಾತು ಸ್ಪ್ಯಾನಿಷ್, ನಮ್ಮ ಮಕ್ಕಳ ಹಾಗೇ ಇಂಗ್ಲಿಷ್ ಕಲಿತೋರು. ಕ್ಯಾಪ್ಟನ್ ತಮ್ಮ ಭಾಷೇಲಿ, ಎಮರ್ಜೆನ್ಸಿ ಅಂತ ಹೇಳು ಅಂದ್ರು. ಕೋ ಪೈಲಟ್ ರೇಡಿಯೋದಲ್ಲಿ ಕಂಟ್ರೋಲರ್ ಹೇಳಿದ್ದನ್ನ ತಿರುಗಿ ಹೇಳಿ, ಕೊನೇಲಿ ಮೆಲ್ಲಗೆ, ಇಂಧನ ಖಾಲಿ ಆಗ್ತಾ ಇದೆ ಅಂತ ಸೇರ್ಸಿದ್ರು. ಪ್ರಾಣಾಪಾಯದಲ್ಲಿ ಕೂಗೋ ಮೇಡೇ ಅನ್ನೋ ಪದವಾಗಲೀ ಎಮರ್ಜೆನ್ಸಿ ಅಂತಾಗಲೀ ಬಾಯಿಗೆ ಬರ್ಲಿಲ್ಲ. ಕಂಟ್ರೋಲರ್‌ಗೆ ಅದು ದಿನಾ ಕೇಳೋ ಮಾತಾಯ್ತು. ವಿಮಾನ ಲಾಂಗ್ ಐಲೆಂಡ್ ಗುಡ್ಡಕ್ಕೆ ಬಿತ್ತು, 73 ಜನ ಸತ್ತರು. ನಾನು ಇದನ್ನ ಓದಿದಾಗ ಆ ಕೋ ಪೈಲಟ್ ದನಿ ನನಗೆ ಕೇಳಿಸ್ತು ಅನ್ನಿಸ್ತು, ದೊಡ್ಡ ಆಫೀಸಿಗೆ ಹೋಗಿ ಬಾಗಿಲ ಹತ್ರ ನಿಂತು ಸಾಹೇಬ್ರಿಗೆ ತೊಂದ್ರೆ ಆಗ್ಬಾರ್ದು ಅಂತ ಮೆತ್ತಗೆ ಮಾತಾಡೋ ನಮ್ಮೋರ ದನಿ.

ಇಂಗ್ಲಿಷ್ ಮೀಡಿಯಂ ಓದಿಲ್ಲ, ನಮ್ಮ ಉಚ್ಚಾರಣೆ ಚೆನ್ನಾಗಿಲ್ಲ, ಅದಕ್ಕೇ ರೇಡಿಯೋದಲ್ಲಿ ಮಾತಾಡೋಕೆ ಭಯ ಅಂತ ಬಹಳ ಮಕ್ಕಳು ಅಂದ್ಕೊಂಡಿದಾರೆ. ದಾವಣಗೆರೆ ಚಿತ್ರದುರ್ಗ ಕಡೆ ಮಕ್ಕಳಿಗೆ ನಾನು ಈ ವಿಷಯ ಒತ್ತಿ ಹೇಳ್ಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಪೈಲಟ್‌ಗಳ ಭಾಷೆಗೆ ಆರು ಹಂತ ಮಾಡಿದೆ, ನಾಲ್ಕನೇ ಹಂತ ಬಂದ್ರೆ ಕೆಲಸಕ್ಕೆ ಸಾಕು. ಆ ನಾಲ್ಕನೇ ಹಂತದಲ್ಲಿ ಉಚ್ಚಾರಣೆ ಮೇಲೆ ಮಾತೃಭಾಷೆ ಛಾಯೆ ಇದ್ರೂ ನಡೆಯುತ್ತೆ, ಕೇಳೋರಿಗೆ ಅರ್ಥ ಆಗೋಕೆ ಕೆಲವು ಸಲ ಮಾತ್ರ ತೊಡಕಾದ್ರೆ ಪರ್ವಾಗಿಲ್ಲ ಅಂತಿದೆ. ಆದ್ರೆ ಮಾತುಕತೆ ಅನ್ನೋ ವಿಭಾಗದಲ್ಲಿ, ಉತ್ತರಗಳು ಸಾಮಾನ್ಯವಾಗಿ ತಕ್ಷಣ ಬರ್ಬೇಕು, ಸಂದರ್ಭಕ್ಕೆ ತಕ್ಕ ಹಾಗಿರ್ಬೇಕು, ಏನಾದ್ರೂ ತಪ್ಪು ತಿಳುವಳಿಕೆ ಆಗಿದೆ ಅನ್ಸಿದ್ರೆ ಕೇಳಿ ಖಚಿತ ಮಾಡ್ಕೋಬೇಕು ಅಂತಿದೆ. ನೋಡಿ, ಜಗತ್ತಿಗೇ ನಿಯಮ ಮಾಡೋರು ನಮ್ಮ ಕನ್ನಡದ ಎಳೆಯನ್ನ ಒಪ್ಕೊಂಡಿದಾರೆ, ನಮ್ಮ ಮೌನವನ್ನ ಒಪ್ಕೊಂಡಿಲ್ಲ. ‘ಸ’ ‘ಶ’ ಬಗ್ಗೆ ಚಿಂತೆ ಬಿಡಿ ಮಕ್ಕಳೇ, ಬೇಗ ಬಾಯಿ ಬಿಡಿ.

ಫ್ಲೈಯಿಂಗ್ ಸ್ಕೂಲ್‌ಗಳ ಬಗ್ಗೆ ನನಗೆ ಒಂದು ನೋವಿದೆ, ಯಾವ ಸ್ಕೂಲ್ ಅಂತ ಬೊಟ್ಟು ಮಾಡ್ತಿಲ್ಲ. ಮಗು ಎರಡು ಸೆಕೆಂಡ್ ತಡವರಿಸಿದ್ರೆ ಪಕ್ಕದಲ್ಲಿರೋ ಇನ್‌ಸ್ಟ್ರಕ್ಟರ್ ತಾವೇ ಬಟನ್ ಒತ್ತಿ ಉತ್ತರ ಕೊಟ್ಟುಬಿಡ್ತಾರೆ. ಮಗಳ ಜೊತೆಯೋರು ನಾಲ್ಕೈದು ಮಕ್ಕಳು ನಮ್ಮನೆಗೆ ಬಂದಿದ್ರು, ಊಟಕ್ಕೆ ಕೂತಾಗ ಕೇಳಿದೆ, ಎಲ್ಲರದ್ದೂ ಇದೇ ಕತೆ. ಇನ್‌ಸ್ಟ್ರಕ್ಟರ್‌ಗಳ ಕಷ್ಟ ನನಗೆ ಅರ್ಥ ಆಗುತ್ತೆ, ಫ್ರೀಕ್ವೆನ್ಸಿ ಬಿಜಿ ಇರುತ್ತೆ, ಹಿಂದೆ ಮುಂದೆ ವಿಮಾನ ಇರ್ತವೆ. ಅಪಾಯ ಇದ್ರೆ ಖಂಡಿತ ತಗೊಳ್ಳಿ, ತಗೋಳ್ಲೇಬೇಕು. ಅಪಾಯ ಇಲ್ದಿದ್ದಾಗ್ಲೂ ದಿನಾ ಅದೇ ಮಾಡಿದ್ರೆ ಮಗು ಏನು ಕಲಿಯುತ್ತೆ? ನಾನು ಸುಮ್ಮನಿದ್ರೂ ಯಾರೋ ಮಾತಾಡ್ತಾರೆ ಅಂತ ಕಲಿಯುತ್ತೆ. ಒಂಟಿಯಾಗಿ ಹೋದ ದಿನ ಪಕ್ಕದ ಸೀಟು ಖಾಲಿ. ‘ಸೇ ಅಗೇನ್’ ಅಂದಿದ್ದಕ್ಕೆ ಇಳಿದ ಮೇಲೆ ಎಲ್ಲರ ಮುಂದೆ ಗದರಿಸೋದೂ ಇದೆ. ಆ ಒಂದು ಗದರಿಕೆ ಸಾಕು, ಮುಂದಿನ ಸಲ ಮಗು ಊಹೆ ಮಾಡಿ ಉತ್ತರ ಕೊಡುತ್ತೆ. ಹೊಸಬರನ್ನ ವಿಮಾನ ಹತ್ತಿಸೋ ಮೊದ್ಲು ನಾಲ್ಕು ದಿನ ಕೂರ್ಸಿ ಬರೀ ರೇಡಿಯೋ ಕೇಳಿಸಿ, ನೆಲದ ಮೇಲೇ ಕುರ್ಚಿ ಹಾಕಿ ಒಬ್ರು ಕಂಟ್ರೋಲರ್ ಒಬ್ರು ಪೈಲಟ್ ಅಂತ ಮಾಡಿ ಬಾಯಿ ಪಳಗ್ಸಿ. ಇದಕ್ಕೆ ಪೆಟ್ರೋಲ್ ಖರ್ಚಿಲ್ಲ.

ಅದೇನು ಕಷ್ಟ ಅಲ್ಲ ಅಂತ ನಮ್ಮ ಮನೇಲೇ ನೋಡಿದೀನಿ. ಆ 20 ಸೆಕೆಂಡಿನ ಕತೆ ಆದ್ಮೇಲೆ ಮಗಳು ಹತ್ತು ದಿನ ರಜಕ್ಕೆ ಬಂದಿದ್ಲು. ನಮ್ಮ ಮನೆಯವ್ರು ಇಂಗ್ಲಿಷ್ ಓದಿದೋರಲ್ಲ. ಮಗಳ ಹತ್ರ ಕೂತು ಕಂಟ್ರೋಲರ್ ಹೇಳೋ ಮಾತುಗಳನ್ನ ಕನ್ನಡ ಅಕ್ಷರದಲ್ಲೇ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಬರ್ಕೊಂಡು ಚೀಟಿ ಚೀಟಿ ಕತ್ತರಿಸಿ ಇಟ್ಕೊಂಡ್ರು. ಸಂಜೆ ಮಗಳು ಒಲೆ ಮುಂದೆ ಜೋಳದ ರೊಟ್ಟಿ ಬಡೀಬೇಕು, ಅಮ್ಮ ಯಾವಾಗ ಬೇಕಾದ್ರೂ ಒಂದು ಚೀಟಿ ತೆಗೆದು ಕೂಗ್ತಾರೆ, ರೊಟ್ಟಿ ಬಡಿಯೋದು ನಿಲ್ಲಿಸ್ದೇ, ಹೆಂಚಿನ ಮೇಲಿದ್ದು ಸೀಯೋಕೆ ಬಿಡ್ದೇ, ತಕ್ಷಣ ತಿರುಗಿ ಹೇಳ್ಬೇಕು. ಮೊದಲನೇ ದಿನ ಎರಡು ರೊಟ್ಟಿ ಕರಕಲಾದ್ವು, ಮೂರು ಉತ್ತರ ತಪ್ಪಾದ್ವು. ನಾಲ್ಕನೇ ದಿನಕ್ಕೆ ಕೈ ತನ್ನ ಪಾಡಿಗೆ ತಾನು ತಟ್ತಿತ್ತು, ಬಾಯಿ ನಂಬರ್ ಹೇಳ್ತಿತ್ತು.

ಐದನೇ ದಿನ ಏನಾಯ್ತು ಅಂದ್ರೆ ಅಮ್ಮ ‘ಟರ್ನ್ ರೈಟ್ ಹೆಡಿಂಗ್ ಟೂ ಜೀರೋ ಫೋರ್’ ಅಂತ ಓದಿದ್ರು. ಮಗಳು ಥಟ್ಟಂತ, ‘ರೈಟ್ ಹೆಡಿಂಗ್ ಟೂ ಫೋರ್ ಜೀರೋ’ ಅಂದ್ಲು. ದಿನಾ ಕೇಳಿ ಕೇಳಿ ಟೂ ಫೋರ್ ಜೀರೋನೇ ಬರುತ್ತೆ ಅಂತ ಮನಸ್ಸು ಮೊದ್ಲೇ ಕೂತಿತ್ತು. ಅಮ್ಮ ಚೀಟಿ ನೋಡಿ, “ಅಲ್ಲವ್ವ, ನಾನು ಹಂಗೆ ಹೇಳ್ಲಿಲ್ಲ, ಟೂ ಜೀರೋ ಫೋರ್” ಅಂದ್ರು. ಮಗಳು ಹಿಟ್ಟಿನ ಕೈ ಹಾಗೇ ಇಟ್ಕೊಂಡು ಅಮ್ಮನ್ನೇ ನೋಡಿದ್ಲು. ಹೇಳಿದೋರು ಉತ್ತರವನ್ನ ಕಿವಿಗೊಟ್ಟು ಕೇಳಿ ತಪ್ಪು ಹಿಡಿಯೋದಿದೆಯಲ್ಲ, ಅದು ಕಂಟ್ರೋಲರ್ ಕೆಲಸದ ಅರ್ಧ ಭಾಗ. ಮುಂದಿನ ಮಾತು ಏನಿರ್ಬಹುದು ಅಂತ ಮೊದ್ಲೇ ಊಹೆ ಮಾಡ್ಕೊಂಡು ರೆಡಿ ಇರೋದು ಒಳ್ಳೇದು, ಬೇಗ ಉತ್ತರ ಬರೋದೇ ಹಾಗೆ, ಆದ್ರೆ ಬಾಯಲ್ಲಿ ಬರೋದು ಕಿವಿಗೆ ಬಿದ್ದಿದ್ದೇ ಆಗಿರ್ಬೇಕು. ತೊಡೆ ಮೇಲೆ ಕಟ್ಕೊಳ್ಳೋ ಸಣ್ಣ ಪ್ಯಾಡಲ್ಲಿ ಕೇಳ್ತಾ ಕೇಳ್ತಾನೇ ನಂಬರ್ ಗೀಚ್ಕೊಂಡು, ಗೀಚಿದ್ದನ್ನ ನೋಡಿ ಹೇಳೋ ಅಭ್ಯಾಸ ಅವಳು ಅವತ್ತಿಂದ ಶುರು ಮಾಡಿದ್ಲು.

ನಮ್ಮ ಜಿಲ್ಲೆಗಳಿಗೆ ಆಕಾಶ ಈಗ ಹತ್ರ ಆಗಿದೆ. ಶಿವಮೊಗ್ಗ ವಿಮಾನ ನಿಲ್ದಾಣ 2023ರ ಫೆಬ್ರವರೀಲಿ ಉದ್ಘಾಟನೆ ಆಯ್ತು. ಚಳ್ಳಕೆರೆ ಹತ್ರದ ಡಿಆರ್‌ಡಿಒ ರೇಂಜಲ್ಲಿ ಇಸ್ರೋದ ಪುಷ್ಪಕ್, ಮತ್ತೆ ಮತ್ತೆ ಬಳಸೋಕೆ ಅಂತ ಮಾಡ್ತಿರೋ ರೆಕ್ಕೆ ಇರೋ ಬಾಹ್ಯಾಕಾಶ ವಾಹನ, 2024ರ ಜೂನ್ 23ಕ್ಕೆ ಮೂರನೇ ಸಲ ತಾನೇ ತಾನಾಗಿ ರನ್‌ವೇಗೆ ಇಳೀತು, ನಾಯಕನಹಟ್ಟಿ ಕಡೆ ಹುಡುಗರೂ ಈಗ ಪೈಲಟ್ ಆಗ್ತೀನಿ ಅಂತಾರೆ, ಕೇಳೋಕೆ ಖುಷಿ. ದಯವಿಟ್ಟು ಮೇಷ್ಟ್ರುಗಳು, ಅಪ್ಪ ಅಮ್ಮಂದಿರು, ಮಕ್ಕಳು ಗೊತ್ತಾಗ್ಲಿಲ್ಲ ಅಂದಾಗ ನಗಬೇಡಿ. ಮನೇಲಿ ಹೇಳಿದ ಮಾತನ್ನ ಏನು ಹೇಳ್ದೆ ತಿರುಗಿ ಹೇಳು ಅಂತ ಆಟದ ಹಾಗೆ ಕೇಳಿ. ನೀವೂ ಪತ್ರಿಕೇಲಿ ಪೈಲಟ್ ಕೋರ್ಸ್ ಬಗ್ಗೆ ಮುಂದೆ ಬರೆಯೋವಾಗ ಫೀಸಿನ ಪಟ್ಟಿ ಜೊತೆ ಇದಕ್ಕೂ ಅರ್ಧ ಕಾಲಂ ಕೊಡಿ, ಯಾರಾದ್ರೂ ನಿವೃತ್ತ ಕಂಟ್ರೋಲರ್ ಹತ್ರ ಬರೆಸಿದ್ರೆ ಇನ್ನೂ ಒಳ್ಳೇದು.

ಮೊನ್ನೆ ಭಾನುವಾರ ಮಗಳು ಫೋನ್ ಮಾಡಿದ್ಲು. ಅದೇ ರನ್‌ವೇ, ಅದೇ ಅಪ್ರೋಚ್, ಹೊರಗೆ ನಿಜವಾಗ್ಲೂ ಮೋಡ ಇತ್ತಂತೆ. ಕಂಟ್ರೋಲರ್ ಹೇಳಿದ್ರಲ್ಲಿ ಎತ್ತರ ಗೊತ್ತಾಗ್ಲಿಲ್ಲ. ತಕ್ಷಣ ಹೆಡಿಂಗ್ ತಿರುಗಿ ಹೇಳಿ, ಸೇ ಅಗೇನ್ ಆಲ್ಟಿಟ್ಯೂಡ್ ಅಂದ್ಲಂತೆ. ಅವ್ರು ಬೈಯ್ಲಿಲ್ಲ, ನಿಧಾನಕ್ಕೆ ಇನ್ನೊಂದು ಸಲ ಹೇಳಿದ್ರು, ಇವಳು ಓದಿ ಹೇಳಿದ್ಲು, ಕರೆಕ್ಟ್ ಅಂದ್ರು. ಇನ್‌ಸ್ಟ್ರಕ್ಟರ್ ಪೂರ್ತಿ ಅಪ್ರೋಚಲ್ಲಿ ಕೈ ತೊಡೆ ಮೇಲಿಟ್ಕೊಂಡೇ ಕೂತಿದ್ರು ಅಂತ ಹೇಳಿ ನಕ್ಳು. ದೀಪಾವಳಿಗೆ ಬರ್ತಾಳೆ. ಅವಳ ಅಮ್ಮ ಈಗ್ಲೇ ಹೊಸ ಚೀಟಿ ಕತ್ತರಿಸಿ ಜೋಳದ ಡಬ್ಬಿ ಮೇಲೆ ಇಟ್ಟಿದಾರೆ, ಈ ಸಲ ಹೋಲ್ಡಿಂಗ್ ಪ್ಯಾಟರ್ನ್‌ದು (ಇಳಿಯೋಕೆ ಸರದಿ ಬರೋ ತನಕ ಆಕಾಶದಲ್ಲೇ ಸುತ್ತು ಹೊಡೀತಾ ಕಾಯೋದು), ಒಂದೊಂದು ಚೀಟೀಲಿ ಆರು ನಂಬರ್ ಇದಾವೆ.

ಇಂತಿ,
ಒಬ್ಬ ನಿವೃತ್ತ ಸ್ಟೇಷನ್ ಮಾಸ್ಟರ್, ದಾವಣಗೆರೆ